ಅರ್ಧ ಮೇಜಿನ ಮಳಿಗೆ

2024ರ ಆಗಸ್ಟ್ 8ರಂದು ಕ್ಯೂಶು ದ್ವೀಪದ ಆಚೆ ಕಡಲತಳ ನಡುಗಿತು. ಅದೇ ಸಂಜೆ ಜಪಾನಿನ ಹವಾಮಾನ ಇಲಾಖೆ, ನಾನ್‌ಕಾಯ್ ಕಂದಕದಲ್ಲಿ ದೊಡ್ಡ ಭೂಕಂಪವಾಗುವ ಸಂಭವ ಮಾಮೂಲಿಗಿಂತ ಹೆಚ್ಚಿದೆ ಎಂದು ಎಚ್ಚರಿಕೆ ಹೊರಡಿಸಿತು. ಅಂಥದೊಂದು ವ್ಯವಸ್ಥೆ ಮಾಡಿಟ್ಟುಕೊಂಡ ಮೇಲೆ ಅದನ್ನು ಬಳಸಿದ್ದು ಅದೇ ಮೊದಲು. ಮರುದಿನ ಸಂಜೆ ಟೋಕಿಯೊ ಕೂಡ ಒಮ್ಮೆ ಅಲುಗಿತು. ಅಲ್ಲಿರುವ ನನ್ನ ತಮ್ಮನ ಹೆಂಡತಿ ಅಂಗಡಿಗೆ ಓಡಿ ನೀರಿನ ಬಾಟಲಿ, ಟಾರ್ಚು, ಬ್ಯಾಟರಿ, ಬಿಸ್ಕತ್ತು ತಂದು ಹಜಾರದಲ್ಲಿ ಒಟ್ಟಿದಳು. ಅದರ ಪಕ್ಕದಲ್ಲೇ ಅವಳ ಮಗಳದ್ದು ಇನ್ನೊಂದು ರಾಶಿ: ನೀರಿನ ಬಾಟಲಿ, ಪವರ್ ಬ್ಯಾಂಕು, ಉಪ್ಪು ಬೆರೆಸಿದ ಪೆಪ್ಪರ್‌ಮೆಂಟು, ಟವೆಲ್ಲು, ಪುಟ್ಟ ಫ್ಯಾನು.

“ಯಾವುದು ಭೂಕಂಪದ್ದು, ಯಾವುದು ನಿನ್ನ ಜಾತ್ರೆದು ಅಂತ ಒಂದು ಚೀಟಿನಾದ್ರೂ ಅಂಟಿಸು ಮಾರಾಯ್ತಿ” ಎಂದಳು ತಾಯಿ.

“ಎರಡಕ್ಕೂ ಒಂದೇ ಸಾಕಮ್ಮ” ಎಂದಳು ಮಗಳು.

ಜಾತ್ರೆ ಎಂದರೆ ಕಾಮಿಕ್ ಮಾರ್ಕೆಟ್, ಜನರ ಬಾಯಲ್ಲಿ ಕಾಮಿಕೆಟ್. ವರ್ಷಕ್ಕೆ ಎರಡು ಸಲ, ಆಗಸ್ಟಿನ ಧಗೆಯಲ್ಲೊಮ್ಮೆ, ಡಿಸೆಂಬರ್ ಕೊನೆಯ ಚಳಿಯಲ್ಲೊಮ್ಮೆ, ಟೋಕಿಯೊ ಕೊಲ್ಲಿಯನ್ನು ಹೂಳಿ ಮಾಡಿದ ನೆಲದ ಮೇಲಿರುವ ಬಿಗ್ ಸೈಟ್ ಎಂಬ ವಸ್ತುಪ್ರದರ್ಶನ ಕೇಂದ್ರದಲ್ಲಿ ಅದು ನಡೆಯುತ್ತದೆ. ಮಾಂಗಾ, ಅನಿಮೆ, ಗೇಮುಗಳ ಹುಚ್ಚು ಹಿಡಿದವರು ತಾವೇ ಬರೆದು, ತಾವೇ ಚಿತ್ರ ಬಿಡಿಸಿ, ತಾವೇ ದುಡ್ಡು ಹಾಕಿ ಅಚ್ಚು ಮಾಡಿಸಿದ ಪುಸ್ತಕಗಳನ್ನು ತಾವೇ ಕೂತು ಮಾರುವ ಸಂತೆ. ಆ ಪುಸ್ತಕಗಳಿಗೆ ದೋಜಿನ್‌ಶಿ ಎನ್ನುತ್ತಾರೆ. ಕೋವಿಡ್‌ಗೆ ಮೊದಲು, 2019ರ ಡಿಸೆಂಬರಿನಲ್ಲಿ, ನಾಲ್ಕು ದಿನಗಳಲ್ಲಿ ಸುಮಾರು 7.5 ಲಕ್ಷ ಜನ ಬಂದಿದ್ದರಂತೆ. ನಾನು ಹೋದ ಬೇಸಿಗೆಯದು 104ನೆಯ ಕಾಮಿಕೆಟ್, ಎರಡೇ ದಿನದ್ದು. ಆಗಲೂ ಎರಡೂವರೆ ಲಕ್ಷದ ಮೇಲೆ.

ತಮ್ಮನ ಸಂಸಾರ ಇರುವುದು ನಿಶಿ-ಕಸಾಯಿಯಿಂದ ಕಡಲ ಕಡೆಗೆ ಸ್ವಲ್ಪ ದೂರದಲ್ಲಿ. 2000ನೇ ಇಸವಿಯ ಕಂಪ್ಯೂಟರ್ ಗೊಂದಲ ಸರಿಪಡಿಸಲು ಬಂದ ನಮ್ಮ ದೇಶದ ಇಂಜಿನಿಯರುಗಳು ನೆಲೆಯೂರಿದ ಬಡಾವಣೆ ಅದು. ತೊಗರಿಬೇಳೆ, ಇಂಗು, ಕರಿಬೇವು ಎಲ್ಲವೂ ನಡೆದು ಹೋಗಿ ತರುವಷ್ಟು ಹತ್ತಿರದಲ್ಲಿ ಸಿಗುತ್ತವೆ. ತಮ್ಮನ ಮಗಳು ಅಲ್ಲಿಯೇ ಓದಿ ಬೆಳೆದವಳು. ನನ್ನ ಜೊತೆ ಕನ್ನಡ, ಅಮ್ಮನ ಜೊತೆ ಜಗಳವಾಡುವಾಗ ಜಪಾನಿ. ನಾನು ಸಾಗರದಿಂದ ಹೊರಟು ಬಂದದ್ದು ಕ್ಯೋಟೊ, ನಾರಾ ನೋಡಿಕೊಂಡು ಬರೋಣವೆಂದು. “ಅತ್ತೆ, ದೇವಸ್ಥಾನ ನಿಮಗೆ ಊರಲ್ಲೂ ಸಿಗ್ತವೆ. ನಮ್ಮ ಮೇಜಿನ ಪಾಸಲ್ಲಿ ಒಂದು ಮಿಕ್ಕಿದೆ, ಬನ್ನಿ” ಎಂದು ಅವಳು ಕರೆದದ್ದರಿಂದ ನಾರಾದ ಜಿಂಕೆಗಳನ್ನು ಮುಂದಕ್ಕೆ ಹಾಕಿದೆ.

ಕಾಮಿಕೆಟ್‌ನಲ್ಲಿ ಪುಸ್ತಕ ಮಾರುವ ಗುಂಪಿಗೆ ಸರ್ಕಲ್ ಎನ್ನುತ್ತಾರೆ. ಒಬ್ಬರೇ ಇದ್ದರೂ ಸರ್ಕಲ್ಲೇ. ಒಂದು ಸರ್ಕಲ್‌ಗೆ ಸಿಗುವುದು ಉದ್ದನೆಯ ಮೇಜಿನ ಅರ್ಧ ಭಾಗ, ಅಂದರೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲದ ಜಾಗ, ಜೊತೆಗೆ ಮಡಚುವ ಕುರ್ಚಿ. ಈ ಮೂರಡಿಗಾಗಿ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಬೇಕು. ಅರ್ಜಿ ಜಾಗಕ್ಕಿಂತ ಹೆಚ್ಚು ಬಂದರೆ ಲಾಟರಿ. ಅರ್ಜಿಯ ಜೊತೆ ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾದ ಕಪ್ಪು-ಬಿಳುಪು ಚಿತ್ರವೊಂದನ್ನು ಬರೆದು ಕೊಡಬೇಕು. ಅದೇ ಕ್ಯಾಟಲಾಗಿನಲ್ಲಿ ನಿಮ್ಮ ಜಾಹೀರಾತು. ಮೊದಲು ಈ ಕ್ಯಾಟಲಾಗು ಸಾವಿರ ಪುಟ ಮೀರಿದ, ದಿಂಬಿನಷ್ಟು ದಪ್ಪದ ಪುಸ್ತಕವಾಗಿತ್ತು. ಈಗ ಹೆಚ್ಚಿನವರು ಫೋನಿನಲ್ಲೇ ನೋಡುತ್ತಾರೆ.

ನಮ್ಮ ಹುಡುಗಿ ಮತ್ತು ಅವಳ ಗೆಳತಿಯ ಪುಸ್ತಕ ‘ಹೈಕ್ಯೂ’ ಎಂಬ ವಾಲಿಬಾಲ್ ಮಾಂಗಾದ್ದು. ಫುರುದಾತೆ ಹರುಯಿಚಿ 2012ರಿಂದ 2020ರವರೆಗೆ ವಾರಪತ್ರಿಕೆಯೊಂದರಲ್ಲಿ ಬರೆದ, ದೇಶವೆಲ್ಲ ಓದಿದ ಧಾರಾವಾಹಿ ಅದು. ಇವರಿಬ್ಬರು ಆರಿಸಿಕೊಂಡದ್ದು ಅದರ ನಾಯಕರನ್ನಲ್ಲ; ಪಂದ್ಯದಲ್ಲಿ ಸೋತು ಕಥೆಯಿಂದಲೇ ಹೊರಗೆ ಹೋಗಿಬಿಡುವ ತಂಡವೊಂದರ ಇಬ್ಬರು ಹುಡುಗರನ್ನು. ಸೋತ ರಾತ್ರಿ ಬಸ್ಸಿನಲ್ಲಿ ಊರಿಗೆ ಮರಳುವಾಗ ಅವರು ಏನು ಮಾತಾಡಿಕೊಂಡಿರಬಹುದು? ಮೂಲದಲ್ಲಿ ಇಲ್ಲದ ಆ ಬಸ್ ಪ್ರಯಾಣವೇ ಇವರ ಪುಸ್ತಕ. ಇಪ್ಪತ್ತೆಂಟು ಪುಟ, 50 ಪ್ರತಿ, ಬೆಲೆ 500 ಯೆನ್.

ಬೇರೆಯವರ ಪಾತ್ರವನ್ನು ತೆಗೆದುಕೊಂಡು ಹೀಗೆ ಬರೆಯಬಹುದೇ ಎಂದು ಕೇಳುವವರಿದ್ದಾರೆ. ಕನ್ನಡಿಗರು ಈ ಪ್ರಶ್ನೆಯನ್ನು ಸ್ವಲ್ಪ ಯೋಚಿಸಿ ಕೇಳಬೇಕು. ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನಿಗೆ ಬೆಸೆದು ಭಾರತವನ್ನೇ ತನಗೆ ಬೇಕಾದಂತೆ ತಿರುಗಿಸಿಕೊಂಡ. ವಾಲ್ಮೀಕಿ ಅರಮನೆಯಲ್ಲಿ ಬಿಟ್ಟುಹೋದ ಊರ್ಮಿಳೆಯನ್ನು ಕುವೆಂಪು ತಪಸ್ಸಿಗೆ ಕೂರಿಸಿದರು. ವ್ಯಾಸ, ವಾಲ್ಮೀಕಿಯರ ಅನುಮತಿಪತ್ರ ಯಾರ ಹತ್ತಿರವೂ ಇರಲಿಲ್ಲ. ಜಪಾನಿನ ಕಾನೂನಿನ ಲೆಕ್ಕ ಬೇರೆ, ಒಪ್ಪಿಕೊಳ್ಳೋಣ. ಅಲ್ಲಿ ಇಂಥ ಕೃತಿಗಳ ಮೇಲೆ ಮೂಲದ ಹಕ್ಕುದಾರರೇ ದೂರು ಕೊಟ್ಟರಷ್ಟೆ ಮೊಕದ್ದಮೆ. ಬಹುಪಾಲು ಲೇಖಕರೂ ಪ್ರಕಾಶಕರೂ ಕಂಡೂ ಕಾಣದಂತೆ ಇದ್ದುಬಿಡುತ್ತಾರೆ. ಅವರಲ್ಲಿ ಅನೇಕರು ಇದೇ ಮೇಜುಗಳ ಹಿಂದಿನಿಂದ ಎದ್ದು ಹೋದವರು ತಾನೆ. ಜಗತ್ತಿಗೆಲ್ಲ ಪರಿಚಯವಿರುವ ಕ್ಲಾಂಪ್ ಎಂಬ ಮಹಿಳಾ ಚಿತ್ರಕಾರರ ತಂಡ ಶುರುವಾದದ್ದೂ ದೋಜಿನ್‌ಶಿ ಸರ್ಕಲ್ ಆಗಿಯೇ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವೊಂದರಿಂದಾಗಿ ಕಾನೂನು ಬಿಗಿಯಾದಾಗಲೂ ಇಂಥ ಅಭಿಮಾನಿ ಕೃತಿಗಳನ್ನು ಅದರ ಹೊರಗೆ ಉಳಿಸಿದರು. ಆ ತಿದ್ದುಪಡಿ ಜಾರಿಗೆ ಬಂದದ್ದು 2018ರ ಡಿಸೆಂಬರ್ 30ರಂದು. ಅವತ್ತು ಚಳಿಗಾಲದ ಕಾಮಿಕೆಟ್ ನಡೆಯುತ್ತಿತ್ತು, ಮೇಜುಗಳ ಮೇಲೆ ವ್ಯಾಪಾರವೂ ನಡೆಯುತ್ತಿತ್ತು.

ಸಿದ್ಧತೆಯ ಕೊನೆಯ ವಾರದಲ್ಲಿ ನಾನು ಆ ಮನೆಯಲ್ಲಿದ್ದೆನಾದ್ದರಿಂದ ಅದರ ರುಚಿ ನನಗೂ ಸಿಕ್ಕಿತು. ಪುಸ್ತಕ ಆಗಲೇ ಮುದ್ರಣಾಲಯಕ್ಕೆ ಹೋಗಿತ್ತು. ದೋಜಿನ್‌ಶಿಯನ್ನೇ ಕಸುಬು ಮಾಡಿಕೊಂಡ ಮುದ್ರಣಾಲಯಗಳಿವೆ. ಅವು ಅಚ್ಚಾದ ಪ್ರತಿಗಳನ್ನು ಮನೆಗೆ ಕಳಿಸದೆ ನೇರವಾಗಿ ಸಭಾಂಗಣದಲ್ಲಿ ನಿಮ್ಮ ಮೇಜಿನಡಿಗೆ ತಂದಿಡುತ್ತವೆ. ಉಳಿದದ್ದು ಚಿಲ್ಲರೆಯ ಚಿಂತೆ. 500 ಯೆನ್ ಬೆಲೆಗೆ ಜನ 1000 ಯೆನ್ ನೋಟು ಕೊಟ್ಟರೆ ವಾಪಸು ಕೊಡಲು 500ರ ನಾಣ್ಯಗಳು ಬೇಕಲ್ಲ. ತಿಂಗಳಿಂದ ಅಪ್ಪ, ಅಮ್ಮನ ಪರ್ಸುಗಳನ್ನು ಶೋಧಿಸಿ ಅವಳು ನಾಣ್ಯ ಕೂಡಿಹಾಕಿದ್ದಳು. ಕೊಳ್ಳುವವರದೂ ಇದೇ ಪಾಡು: 10,000 ಯೆನ್ ನೋಟು ಚಾಚುವುದು ಅಲ್ಲಿ ಮಹಾ ಒರಟುತನ. ಅದೇ ಜುಲೈನಲ್ಲಿ ಹೊಸ ನೋಟುಗಳು ಬೇರೆ ಬಂದಿದ್ದವು. ಅವುಗಳನ್ನು ಮುಟ್ಟಿ ನೋಡಿ ಅಭ್ಯಾಸ ಮಾಡಿಕೊಳ್ಳಲು ಗೆಳತಿಯರಿಬ್ಬರೂ ಅಂಗಡಿಯಾಟ ಆಡಿದರು. ನಾನು ಗಿರಾಕಿ.

ಇನ್ನು ಕೋಡುಬಳೆ. ಕಾಮಿಕೆಟ್‌ಗೆ ಹೋಗುವಾಗ ಪರಿಚಯದ ಸರ್ಕಲ್‌ಗಳಿಗೆ, ಅಕ್ಕಪಕ್ಕದ ಮೇಜಿನವರಿಗೆ ತಿನ್ನಲು ಏನಾದರೂ ಒಯ್ಯುವ ವಾಡಿಕೆಯಿದೆ. ಕರಗಬಾರದು, ಕೈಗೆ ಜಿಡ್ಡು ಹತ್ತಬಾರದು, ಒಬ್ಬೊಬ್ಬರಿಗೆ ಒಂದೊಂದು ಪೊಟ್ಟಣವಿರಬೇಕು. ತಮ್ಮನ ಹೆಂಡತಿ ಎಣ್ಣೆ ಕಮ್ಮಿ ಕುಡಿಯಲೆಂದು ಅಕ್ಕಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ಖಾರ ಅರ್ಧ ಮಾಡಿ, ಚಿಕ್ಕ ಚಿಕ್ಕ ಬಳೆ ಸುತ್ತಿ ಕರಿದಳು. ಮಗಳು ಪ್ರತಿ ಪೊಟ್ಟಣದ ಮೇಲೂ ಒಂದು ಚೀಟಿ ಅಂಟಿಸಿದಳು: ಅಕ್ಕಿ, ಎಳ್ಳು, ಮೆಣಸಿನಪುಡಿ, ತೆಂಗಿನಕಾಯಿ, ಇಂಗು. ಇಂಗಿಗೆ ಜಪಾನಿಯಲ್ಲಿ ಏನೆನ್ನಬೇಕೆಂಬ ಚರ್ಚೆ ರಾತ್ರಿ ಹನ್ನೊಂದರವರೆಗೆ ನಡೆಯಿತು.

ನಮ್ಮ ದಿನ ಬಂದಾಗ ಬೆಳಕು ಹರಿಯುವ ಮುಂಚೆಯೇ ಎದ್ದೆವು. ಕಸಾಯಿ ರಿಂಕಾಯ್ ಕೋಯೆನ್ ನಿಲ್ದಾಣದಿಂದ ಒಂದು ಸ್ಟಾಪು, ಶಿನ್-ಕಿಬಾದಲ್ಲಿ ಇಳಿದು ರಿಂಕಾಯ್ ರೈಲು ಹತ್ತಿದರೆ ಎರಡನೆಯದೇ ವಸ್ತುಪ್ರದರ್ಶನ ನಿಲ್ದಾಣ. ಬೋಗಿಯ ತುಂಬ ಗಾಲಿ ಸೂಟ್‌ಕೇಸುಗಳು. ಯಾರೂ ಬಣ್ಣದ ವೇಷದಲ್ಲಿಲ್ಲ. ಕಾಸ್‌ಪ್ಲೇ ಎಂದರೆ ಊರೆಲ್ಲ ವೇಷ ಹಾಕಿಕೊಂಡು ಓಡಾಡುತ್ತಾರೆಂದು ತಿಳಿದಿದ್ದ ನನಗೆ ನಿರಾಸೆಯೇ ಆಯಿತು. ಮನೆಯಿಂದ ವೇಷ ಹಾಕಿಕೊಂಡು ಬರುವುದನ್ನು ಕಾಮಿಕೆಟ್ ನಿಷೇಧಿಸಿದೆ. ಅಲ್ಲಿನ ಡ್ರೆಸಿಂಗ್ ರೂಮಿನಲ್ಲಿ ಹಾಕಿ, ಅಲ್ಲಿಯೇ ಕಳಚಿ ಹೋಗಬೇಕು. ರೈಲಿನಲ್ಲಿ ಬರುವ ಮಿಕ್ಕವರಿಗೆ ಇರಿಸುಮುರಿಸಾಗಬಾರದೆಂಬ ಲೆಕ್ಕ.

ಬಿಗ್ ಸೈಟ್‌ನ ಮುಂಭಾಗ ತಲೆಕೆಳಗಾದ ನಾಲ್ಕು ಪಿರಮಿಡ್‌ಗಳು. ಅದರ ಹತ್ತಿರ, ಭೂಮಿಯನ್ನೇ ಕುಯ್ಯುತ್ತಿರುವಂತೆ ಅರ್ಧ ಹುಗಿದು ನಿಲ್ಲಿಸಿದ ಕೆಂಪು ಹಿಡಿಯ ದೈತ್ಯ ಗರಗಸ, ಕ್ಲೇಸ್ ಓಲ್ಡನ್‌ಬರ್ಗ್ ಮತ್ತು ಅವರ ಪತ್ನಿ ಕೋಶೆ ವಾನ್ ಬ್ರುಗೆನ್ ಮಾಡಿದ ಶಿಲ್ಪ. ಸರ್ಕಲ್‌ನವರಿಗೆ ಬೇರೆ ದಾರಿ, ಮೊದಲೇ ಒಳಗೆ. ಸಭಾಂಗಣದ ನೆಲದ ಮೇಲೆ ಮೇಜುಗಳ ಸಾಲು ಕಣ್ಣು ಹಾಯುವವರೆಗೆ. ನಮ್ಮ ಮೇಜಿನ ಮೇಲೆ ಮುದ್ರಣಾಲಯಗಳ ಜಾಹೀರಾತು ಕಾಗದಗಳ ಕಂತೆ, ಕೆಳಗೆ ರಟ್ಟಿನ ಪೆಟ್ಟಿಗೆ. ಗೆಳತಿಯರಿಬ್ಬರೂ ಮೊದಲು ಎಡಕ್ಕೂ ಬಲಕ್ಕೂ ತಿರುಗಿ ನಡು ಬಗ್ಗಿಸಿ ನಮಸ್ಕರಿಸಿದರು. ಆಮೇಲೆ ಪೆಟ್ಟಿಗೆ ಬಿಚ್ಚಿದರು.

ಮೊದಲ ಪ್ರತಿ ಹೊರಬಂದ ಆ ಗಳಿಗೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಒಬ್ಬಳು ಮೂಸಿ ನೋಡಿದಳು. ಇನ್ನೊಬ್ಬಳು ನೇರವಾಗಿ ಹದಿನೇಳನೆಯ ಪುಟಕ್ಕೆ ಹೋಗಿ, ಬಸ್ಸಿನ ಕಿಟಕಿಯ ಹೊರಗಿನ ಕತ್ತಲು ಸರಿಯಾಗಿ ಕಪ್ಪಗೆ ಬಂದಿದೆಯೇ ಎಂದು ಬೆಳಕಿಗೆ ಹಿಡಿದಳು. ಬಂದಿತ್ತು. ಅದಾದ ಮೇಲೆ ಮೇಜಿಗೆ ಬಟ್ಟೆ ಹಾಸಿ, ಬೆಲೆಯ ಚೀಟಿ ನಿಲ್ಲಿಸಿ, ನಾಣ್ಯದ ಡಬ್ಬಿಯನ್ನು ತೊಡೆಯ ಹತ್ತಿರ ಇಟ್ಟುಕೊಂಡು, ಒಂದು ಪ್ರತಿಯನ್ನು ‘ಮಾದರಿ’ ಎಂದು ಸಂಘಟಕರಿಗೆ ಒಪ್ಪಿಸಿದರು. ಪ್ರತಿ ಹೊಸ ಪುಸ್ತಕದ ಒಂದು ಪ್ರತಿ ಹೀಗೆ ಸಂಘಟಕರ ಕೈಸೇರಬೇಕು.

ಮಾದರಿ ಪ್ರತಿಯ ಹಿಂದೆ ಒಂದು ಕಥೆಯಿದೆ. ಅದನ್ನು ಹೇಳದೆ ಹೋದರೆ ಕಾಮಿಕೆಟ್ಟನ್ನು ನೋಡಿದಂತಾಗುವುದಿಲ್ಲ. ಜಪಾನಿಗೆ ಹೋಗಿಬಂದವರೆಲ್ಲ ತಪ್ಪದೆ ಆಡುವ ಮಾತೊಂದಿದೆಯಲ್ಲ, ಶಿಸ್ತು ಅವರ ರಕ್ತದಲ್ಲೇ ಬಂದದ್ದು ಎಂದು. ನನಗೆ ಅದು ಸೋಮಾರಿ ಮಾತೆಂದು ಖಚಿತವಾದದ್ದು ಇಲ್ಲಿ. 1975ರಲ್ಲಿ ಆಗಿನ ದೊಡ್ಡ ಮಾಂಗಾ ಸಮ್ಮೇಳನವೊಂದನ್ನು ಟೀಕಿಸಿದ ಅಭಿಮಾನಿಗೆ ಸಂಘಟಕರು ಪ್ರವೇಶವನ್ನೇ ಕೊಡಲಿಲ್ಲ. ಅದರಿಂದ ಸಿಟ್ಟಾದ ಯುವಕರ ತಂಡವೊಂದು, ಯಾರನ್ನೂ ಬಾಗಿಲಲ್ಲಿ ತಡೆಯದ ಜಾಗವೊಂದನ್ನು ತಾವೇ ಮಾಡುತ್ತೇವೆಂದು ಹೊರಟಿತು. ಅವರಲ್ಲಿ ಹರಾದಾ ತೆರುವೊ, ಯೊನೆಜಾವಾ ಯೊಶಿಹಿರೊ ಇದ್ದರು. ಅದೇ ವರ್ಷದ ಡಿಸೆಂಬರ್ 21ರಂದು ಟೋಕಿಯೊದ ತೊರಾನೊಮೊನ್‌ನಲ್ಲಿ, ಅಗ್ನಿಶಾಮಕದವರ ಭವನದ ಸಭಾಕೊಠಡಿಯೊಂದರಲ್ಲಿ ಮೊದಲ ಕಾಮಿಕೆಟ್ ನಡೆಯಿತು. 32 ಸರ್ಕಲ್‌ಗಳು, ಸುಮಾರು 700 ಮಂದಿ. ಬಂದವರಲ್ಲಿ ಹೆಚ್ಚಿನವರು ಹೈಸ್ಕೂಲು, ಮಿಡ್ಲ್‌ಸ್ಕೂಲಿನ ಹುಡುಗಿಯರು.

ಅಲ್ಲಿಂದ ಮುಂದಿನದು ಒಂದು ಸಭಾಂಗಣದಿಂದ ಇನ್ನೊಂದಕ್ಕೆ ಗಂಟುಮೂಟೆ ಹೊತ್ತ ಚರಿತ್ರೆ. 1991ರಲ್ಲಿ ಅಶ್ಲೀಲ ದೋಜಿನ್‌ಶಿ ಮಾರಿದ್ದಕ್ಕಾಗಿ ಪುಸ್ತಕದಂಗಡಿಗಳ ಮೇಲೆ ಪೊಲೀಸರು ಬಿದ್ದಾಗ, ಆಗ ಕಾಮಿಕೆಟ್ ನಡೆಯುತ್ತಿದ್ದ ಮಾಕುಹಾರಿ ಕೇಂದ್ರ ಜಾಗ ಕೊಡುವುದಿಲ್ಲವೆಂದುಬಿಟ್ಟಿತು. ವಯಸ್ಕರ ಪುಸ್ತಕಗಳು ಇಲ್ಲಿ ಆಗಲೂ ಇದ್ದವು, ಈಗಲೂ ಧಾರಾಳವಾಗಿವೆ. ನಾನು ಕೆಲವು ಸಾಲುಗಳಲ್ಲಿ ಸೂರು ನೋಡುತ್ತ ನಡೆದೆ. ಮಾದರಿ ಪ್ರತಿಗಳ ತಪಾಸಣೆ ಬಿಗಿಯಾದದ್ದು ಆ ಪೆಟ್ಟು ತಿಂದ ಮೇಲೆ. ರಾತ್ರಿಯೇ ಬಂದು ಸಾಲಿನಲ್ಲಿ ಮಲಗಬಾರದು, ವೇಷದಲ್ಲಿ ರೈಲು ಹತ್ತಬಾರದು, ಒಳಗೆ ಓಡಬಾರದು ಎಂಬ ಕಟ್ಟಳೆಗಳ ಹಿಂದೆಯೂ ಅದೇ ಭಯ: ನೆರೆಹೊರೆಯವರು ದೂರಿದರೆ ಜಾಗ ಹೋಗುತ್ತದೆ, ಜಾಗ ಹೋದರೆ ಕಾಮಿಕೆಟ್ ಹೋಗುತ್ತದೆ. 2012ರಲ್ಲಿ ಬಾಸ್ಕೆಟ್‌ಬಾಲ್ ಮಾಂಗಾವೊಂದರ ಮೇಲೆ ದ್ವೇಷ ಕಟ್ಟಿಕೊಂಡ ಒಬ್ಬಾತ ಬೆದರಿಕೆ ಪತ್ರಗಳನ್ನು ಬರೆದಾಗ, ಆ ಕೃತಿಯ ಅಭಿಮಾನಿ ಸರ್ಕಲ್‌ಗಳು ಆ ಚಳಿಗಾಲ ಬರಬಾರದೆಂದು ಸಂಘಟಕರು ಕೇಳಿಕೊಳ್ಳಬೇಕಾಯಿತು. ಯಾರನ್ನೂ ತಡೆಯುವುದಿಲ್ಲವೆಂದು ಹುಟ್ಟಿದ ಸಂಸ್ಥೆಗೆ ಅದೆಷ್ಟು ಕಷ್ಟದ ಮಾತು.

ಯೊನೆಜಾವಾ 1980ರಿಂದ ಕಾಮಿಕೆಟ್ ನಡೆಸಿ, 2006ರಲ್ಲಿ ತೀರಿಕೊಂಡರು. ಅವರು ಕೂಡಿಟ್ಟ ಪುಸ್ತಕರಾಶಿ ಈಗ ಮೇಜಿ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಗ್ರಂಥಾಲಯವಾಗಿದೆ. ಹಿಂದಿನ ವಾರ ಅಲ್ಲಿಗೂ ಹೋಗಿಬಂದಿದ್ದೆ. ಅವರು ಗಟ್ಟಿಯಾಗಿ ಹಿಡಿದುಕೊಂಡು ಬಂದ ಒಂದು ತತ್ವವಿದೆ: ಇಲ್ಲಿ ಗಿರಾಕಿಗಳಿಲ್ಲ. ಮಾರುವವರು, ಕೊಳ್ಳುವವರು, ಸ್ವಯಂಸೇವಕರು ಎಲ್ಲರೂ ಒಂದೇ ಸಮನಾಗಿ ಪಾಲುಗೊಂಡವರು. ದುಡ್ಡು ಕೊಟ್ಟಿದ್ದೇನೆ, ಸೇವೆ ಮಾಡಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಕೇಳಲು ಭಾಷಣದಂತಿದೆ, ಅದು ಹೇಗೆ ನಡೆಯುತ್ತದೆಂದು ಕಾಣಲು ಸಾಲಿನ ತುದಿಗೆ ಹೋಗಬೇಕು. ಹೆಸರುವಾಸಿ ಸರ್ಕಲ್‌ಗಳ ಮೇಜುಗಳನ್ನು ಗೋಡೆಯ ಬದಿಗೆ ಹಾಕುತ್ತಾರೆ, ಜನ ಹೊರಗಿನವರೆಗೂ ನಿಲ್ಲಲಿ ಎಂದು. ಅಂಥ ಸಾಲಿನ ಕೊನೆಯಲ್ಲಿ ನಿಂತವನ ಕೈಯಲ್ಲಿ ‘ಸಾಲಿನ ಕೊನೆ ಇಲ್ಲಿ’ ಎಂಬ ಫಲಕವಿರುತ್ತದೆ. ನೀವು ಬಂದು ಅವನ ಹಿಂದೆ ನಿಂತಿರೋ, ಅವನು ತಲೆಬಾಗಿ ಅದನ್ನು ನಿಮಗೆ ದಾಟಿಸುತ್ತಾನೆ. ನಿಮ್ಮ ಹಿಂದೆ ಇನ್ನೊಬ್ಬರು ಬರುವವರೆಗೆ ನೀವೇ ಅಲ್ಲಿಯ ಸ್ವಯಂಸೇವಕರು. ನಾನು ಆ ಫಲಕ ಹಿಡಿದದ್ದು ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಆದರೂ ಬೆನ್ನು ತಾನಾಗಿ ನೆಟ್ಟಗಾಗಿತ್ತು.

ಬಾಗಿಲು ತೆರೆಯುವ ಹೊತ್ತಿಗೆ ಧ್ವನಿವರ್ಧಕದಲ್ಲಿ ಹೆಣ್ಣುದನಿಯೊಂದು ಕಾಮಿಕೆಟ್ ಶುರುವಾಯಿತೆಂದು ಘೋಷಿಸಿತು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ವೇದಿಕೆಯಿಲ್ಲ, ಗಣ್ಯರಿಲ್ಲ, ದೀಪವಿಲ್ಲ. ತಮಗೆ ತಾವೇ ತಟ್ಟಿಕೊಂಡದ್ದು. ಆಮೇಲೆ ದೂರದಿಂದ ಸಾವಿರಾರು ಹೆಜ್ಜೆಗಳು ಸರಸರ ಬರುವ ಸದ್ದು, ಅದರ ಮೇಲೆ “ಓಡಬೇಡಿ, ಓಡಬೇಡಿ” ಎಂಬ ಕೂಗು. ಓಡದೆ ಎಷ್ಟು ವೇಗವಾಗಿ ನಡೆಯಬಹುದೆಂಬುದನ್ನು ಅಲ್ಲಿ ನೋಡಬೇಕು.

ನಮ್ಮ ಮೇಜಿನ ಮುಂದೆ ಮೊದಲ ಅರ್ಧ ಗಂಟೆ ಯಾರೂ ನಿಲ್ಲಲಿಲ್ಲ. ಹುಡುಗಿಯರು ನಗುಮುಖ ಹೊತ್ತು ನೆಟ್ಟಗೆ ಕೂತಿದ್ದರು. ಆಮೇಲೆ ಕನ್ನಡಕದ ಒಬ್ಬಳು ಹುಡುಗಿ ಬಂದು, ಪ್ರತಿಯನ್ನು ಎತ್ತಿಕೊಳ್ಳಬಹುದೇ ಎಂದು ಕೇಳಿ, ನಿಂತಲ್ಲೇ ಆರೇಳು ಪುಟ ಓದಿದಳು. ಬರೆದವರ ಕಣ್ಣೆದುರಿಗೇ ಓದುವುದೆಂದರೆ! ನಮ್ಮ ಸಾಹಿತ್ಯ ಸಮ್ಮೇಳನದ ಪುಸ್ತಕ ಮಳಿಗೆಗಳಲ್ಲಿ ಚೀಲದ ತುಂಬ ಸ್ವಂತ ಸಂಕಲನ ಹೊತ್ತ ಕವಿ ಎದುರಾದರೆ ನಾವು ಗುರುತೇ ಇಲ್ಲದವರಂತೆ ಪಕ್ಕಕ್ಕೆ ಸರಿಯುತ್ತೇವೆ, ನಾನೂ ಸರಿದವಳೇ. ಇವಳು ಓದಿ, ಮುಚ್ಚಿ, ಸರಿಯಾದ ಚಿಲ್ಲರೆ ಎಣಿಸಿ ಕೊಟ್ಟು, ಈ ತಂಡದ ಬಗ್ಗೆ ಬರೆಯುವವರು ತನಗೆ ಇಷ್ಟು ದಿನ ಸಿಕ್ಕೇ ಇರಲಿಲ್ಲ ಎಂದಳಂತೆ. ಇಬ್ಬರೂ ಎದ್ದು ನಿಂತು ಮೂರು ಮೂರು ಸಲ ಬಗ್ಗಿದರು. ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ತುಸು ಹೆಚ್ಚು ಪ್ರತಿಗಳು ಹೋಗಿದ್ದವು. ಮುದ್ರಣದ ಖರ್ಚು ಹುಟ್ಟಲಿಲ್ಲ. ಹುಟ್ಟುತ್ತದೆಂದು ಅವರು ಲೆಕ್ಕ ಹಾಕಿಯೂ ಇರಲಿಲ್ಲ.

ಕೋಡುಬಳೆ ಮಾತ್ರ ಹನ್ನೆರಡಕ್ಕೆ ಮೊದಲೇ ಖಾಲಿ. ಬಲಗಡೆ ಮೇಜಿನ ಹೆಂಗಸು ಕೆಂಪಗಾಗಿ, ಕಣ್ಣಲ್ಲಿ ನೀರು ತುಂಬಿಕೊಂಡು, ಇನ್ನೊಂದು ಪೊಟ್ಟಣ ಇದೆಯೇ ಎಂದು ಕೇಳಿದರು.

ಇನ್ನೊಂದು ದಿನ ಪಾಸಿಲ್ಲದೆ, ಟಿಕೆಟಿನ ಪಟ್ಟಿಯನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಎಲ್ಲರಂತೆ ಬಿಸಿಲಿನಲ್ಲಿ ನಿಂತೆವು. ಡಾಂಬರಿನ ಮೇಲೆ ಸಾಲು ಸಾಲಾಗಿ ಕೂರಿಸಿ, ಒಂದೊಂದೇ ಗುಂಪನ್ನು ಎಬ್ಬಿಸಿ ನಡೆಸುತ್ತಾರೆ. ಉಪ್ಪಿನ ಪೆಪ್ಪರ್‌ಮೆಂಟಿನ ಬೆಲೆ ಆಗ ತಿಳಿಯಿತು. 2013ರ ಬೇಸಿಗೆಯಲ್ಲಂತೂ ಜನರ ಬೆವರಿನ ಹಬೆಯೇ ಮೇಲೇರಿ ಸಭಾಂಗಣದ ಸೂರಿನ ಕೆಳಗೆ ಮೋಡ ಕಟ್ಟಿತ್ತೆಂದು ಹೇಳುತ್ತಾರೆ. ನಾವು ಹೋದಾಗ ಮೋಡ ಕಾಣಲಿಲ್ಲ. ಅದರ ಸಾಮಗ್ರಿಯೆಲ್ಲ ನನ್ನ ರವಿಕೆಯಲ್ಲೇ ಇತ್ತು.

ಕಂಪನಿಗಳ ಮಳಿಗೆಗಳ ಬಗ್ಗೆ ಬರೆಯುವಂಥದು ಹೆಚ್ಚಿಲ್ಲ: ದೊಡ್ಡ ಪರದೆ, ದೊಡ್ಡ ಸದ್ದು, ದೊಡ್ಡ ಚೀಲ. ಅಂಥದು ನಮ್ಮ ಬೆಂಗಳೂರಿನ ಕಾಮಿಕ್ ಕಾನ್‌ನಲ್ಲೂ ಇದೆ. ವೈಟ್‌ಫೀಲ್ಡಿನಲ್ಲಿ ನಡೆದಾಗ ಒಮ್ಮೆ ಹೋಗಿದ್ದೆ. ಹುಡುಗರ ಉತ್ಸಾಹಕ್ಕೆ, ವೇಷದ ಕೈಚಳಕಕ್ಕೆ ಅಲ್ಲಿ ಏನೂ ಕಡಿಮೆಯಿಲ್ಲ. ಆದರೆ ಕಾಲೇಜು ಹುಡುಗಿಯೊಬ್ಬಳು ಐವತ್ತು ಪ್ರತಿ ಅಚ್ಚು ಹಾಕಿಸಿ ಕೂರುವಂಥ ಮೂರಡಿ ಮೇಜು ಅಲ್ಲಿ ನನಗೆ ಕಣ್ಣಿಗೆ ಬೀಳಲಿಲ್ಲ. ಅಮರ ಚಿತ್ರಕಥೆಯ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ ಎಂದು ಹೆಮ್ಮೆಪಡುವ ನಾಡು ನಮ್ಮದು, ಅಷ್ಟಾದರೂ ಇರಬೇಕಿತ್ತು.

ವೇಷಧಾರಿಗಳು ಹೊರಗಿನ ಅಂಗಳದಲ್ಲಿ, ಸುಡುವ ಕಾಂಕ್ರೀಟಿನ ಮೇಲೆ. ಫೋಟೊ ತೆಗೆಯುವವರು ಸಾಲಿನಲ್ಲಿ ನಿಂತು, ಅನುಮತಿ ಕೇಳಿ, ತೆಗೆದು, ತೋರಿಸಿ, ನಮಸ್ಕರಿಸಿ ಹೋಗುತ್ತಾರೆ. ಜನ ಮುತ್ತಿಕೊಂಡರೆ ಯಾರಾದರೊಬ್ಬರು ಹತ್ತರಿಂದ ಕೆಳಗೆ ಎಣಿಸುತ್ತಾರೆ. ಸೊನ್ನೆ ಎಂದ ತಕ್ಷಣ ಕ್ಯಾಮೆರಾಗಳೆಲ್ಲ ಕೆಳಗೆ. ರಟ್ಟು, ಫೋಮುಗಳಲ್ಲಿ ಮಾಡಿದ ಲೋಹಕವಚ ತೊಟ್ಟ ಒಬ್ಬಾತ ಎಣಿಕೆ ಮುಗಿದದ್ದೇ ನೆರಳಿಗೆ ಹೋಗಿ ಕುಸಿದು ಕೂತ. ಗೆಳೆಯನೊಬ್ಬ ಕವಚದ ಬೆನ್ನಿನ ಮುಚ್ಚಳ ತೆಗೆದು ಒಳಕ್ಕೆ ಫ್ಯಾನು ಹಿಡಿದ. ಇವನು ವರ್ಷವೆಲ್ಲ ಇದಕ್ಕಾಗಿ ದುಡಿದಿದ್ದಾನೆ ಎಂದಳು ನಮ್ಮವಳು. ಪರಿಚಯವೇನೂ ಇಲ್ಲ, ಕವಚದ ಅಂಚಿನ ಮರಳುಕಾಗದದ ಕೆಲಸ ನೋಡಿ ಹೇಳಿದಳು. ಹೊರಗೆ ರಕ್ತದಾನದ ಶಿಬಿರವೂ ನಡೆದಿತ್ತು. ರಕ್ತ ಕೊಟ್ಟವರಿಗೆ ಅನಿಮೆ ಪೋಸ್ಟರು. ಅಲ್ಲಿಯೂ ಸಾಲು.

ನನಗೆ ಹಿಡಿಸಿದ್ದು ಮಾಂಗಾ ಅಲ್ಲದ ಮೇಜುಗಳ ಪ್ರಾಂತ. ರೈಲು, ಪ್ರವಾಸ, ಮಿಲಿಟರಿ, ಅಡುಗೆ, ಊರಿನ ಚರಂಡಿ ಮುಚ್ಚಳಗಳು; ಮನುಷ್ಯನಿಗೆ ಏನೇನರ ಮೇಲೆ ಆಸೆ ಹುಟ್ಟಬಹುದೋ ಅಷ್ಟಕ್ಕೂ ಒಂದೊಂದು ಪುಸ್ತಕ. ರೈಲಿನ ಸಾಲಿನಲ್ಲಿ ಹೋಗುತ್ತಿದ್ದವಳು ಥಟ್ಟನೆ ನಿಂತೆ. ಮೇಜಿನ ಮೇಲೆ ಹಳದಿ ಬಣ್ಣದ ಮುಖಪುಟ, ಅದರ ಮೇಲೆ ಕಪ್ಪಗೆ ‘ಚಾಂಪಿಯನ್’ ಎಂಬ ಕನ್ನಡ ಅಕ್ಷರ.

ಮೇಜಿನ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಮೌನಿ ಗೃಹಸ್ಥರು. ನಮ್ಮವಳು ನಡುವೆ ನಿಂತು ಮಾತು ದಾಟಿಸಿದಳು. ಕೆಜಿಎಫ್ ಚಿತ್ರದ ಎರಡೂ ಭಾಗ 2023ರಲ್ಲಿ ಜಪಾನಿನ ಚಿತ್ರಮಂದಿರಗಳಿಗೆ ಬಂದಾಗ ಇವರು ನೋಡಿದ್ದರು. ಗಣಿಗಿಂತ ಹೆಚ್ಚಾಗಿ, ಅಲ್ಲಿಗೆ ಹೋಗುವ ರೈಲು ಯಾವುದಿರಬಹುದೆಂಬ ಯೋಚನೆ ತಲೆ ಹೊಕ್ಕಿತಂತೆ. ರಜೆ ಹಾಕಿ ಬಂಗಾರಪೇಟೆಗೆ ಬಂದರು. ಅಲ್ಲಿಂದ ಮಾರಿಕುಪ್ಪಂವರೆಗಿನ ಪುಟ್ಟ ಕವಲು ದಾರಿಯಲ್ಲಿ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರು ಹೊತ್ತ ನಿಲ್ದಾಣಗಳಿವೆ. ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ರೈಲು ಮಾತ್ರ ಈಗಲೂ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರನ್ನು ಹೊತ್ತು ಓಡಾಡುತ್ತದೆ. ಇವರು ಒಂದೊಂದು ನಿಲ್ದಾಣದಲ್ಲೂ ಇಳಿದು ಹಳದಿ ಫಲಕ, ಬೆಂಚು, ಕೈಪಂಪು, ಟಿಕೆಟ್ ಕಿಟಕಿಯ ಸರಳುಗಳನ್ನೆಲ್ಲ ಫೋಟೊ ತೆಗೆದು, ನಕ್ಷೆ ಬರೆದು, ಪುಸ್ತಕ ಮಾಡಿದ್ದರು. ನಲವತ್ತು ಪುಟ. ಬೆಂಗಳೂರಿನಲ್ಲಿ ಇಷ್ಟು ಓಡಾಡಿದ ನಾನು ಆ ದಾರಿಯಲ್ಲಿ ಒಮ್ಮೆಯೂ ಹೋದವಳಲ್ಲ.

ನನ್ನ ಭಾಷೆ ಅದೇ ಎಂದು ತಿಳಿದದ್ದೇ ಅವರು ಎದ್ದು ನಿಂತುಬಿಟ್ಟರು. ಪೆನ್ಸಿಲು ತೆಗೆದು, ಫಲಕಗಳನ್ನು ಒಂದೊಂದಾಗಿ ಓದಿ ಹೇಳಬಹುದೇ ಎಂದು ಕೇಳಿದರು. ‘ಊರ್ಗಾಂ’ ಎಂದೆ. ತಮ್ಮ ಲಿಪಿಯಲ್ಲಿ ಬರೆದುಕೊಂಡು, ತಾವೂ ಹೇಳಿ, ನನ್ನ ಮುಖ ನೋಡಿದರು. ‘ಮಾರಿಕುಪ್ಪಂ’ನ ಒತ್ತು ಅವರಿಗೆ ಸಲೀಸು. ‘ಕೋರಮಂಡಲ್’ನ ಲಕಾರದ ಕೊನೆಯಲ್ಲಿ ಇಬ್ಬರೂ ಸ್ವಲ್ಪ ಹೊತ್ತು ಒದ್ದಾಡಿ ನಕ್ಕೆವು. ಹಿಂದೆ ನಿಂತಿದ್ದ ಇಬ್ಬರು ಕೊಳ್ಳುವವರು ಗೊಣಗದೆ ಕಾದರು, ಒಬ್ಬರಂತೂ ಮೆಲ್ಲಗೆ ‘ಊರ್ಗಾಂ’ ಎಂದು ಹೇಳಿಕೊಂಡದ್ದು ಕೇಳಿಸಿತು. ಪುಸ್ತಕಕ್ಕೆ ದುಡ್ಡು ಬೇಡವೆಂದರು. ಇಲ್ಲಿ ಗಿರಾಕಿಗಳಿಲ್ಲದಿದ್ದರೂ ಪುಕ್ಕಟೆಯೂ ಇಲ್ಲ ಎಂದು ಸರಿಯಾದ ಚಿಲ್ಲರೆ ಎಣಿಸಿ ಇಟ್ಟೆ.

ಸಂಜೆ ನಾಲ್ಕಕ್ಕೆ ಮುಗಿಯಿತೆಂಬ ಘೋಷಣೆ, ಮತ್ತೆ ಚಪ್ಪಾಳೆ. ಅದು ನಿಲ್ಲುವ ಮೊದಲೇ ಮೇಜುಗಳನ್ನು ಮಡಚುವ ಸದ್ದು. ಮಿಕ್ಕ ಪುಸ್ತಕ, ಕೊಂಡ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ ಅಲ್ಲಿಂದಲೇ ಮನೆಗೆ ಕಳಿಸುವ ಕೊರಿಯರ್ ಕೌಂಟರಿನ ಮುಂದೆ ಆ ದಿನದ ಅತಿ ಉದ್ದದ ಸಾಲು.

ಎರಡು ದಿನ ಕಾಲು ನೋವೆಂದು ಮಲಗಿದ್ದ ಹುಡುಗಿ ಮೂರನೆಯ ದಿನ ಲ್ಯಾಪ್‌ಟಾಪ್ ಮುಂದೆ ಕೂತಿದ್ದಳು. ಡಿಸೆಂಬರಿನ ಕಾಮಿಕೆಟ್‌ಗೆ ಅರ್ಜಿ. ಬೇಸಿಗೆಯದು ಮುಗಿದ ಬೆನ್ನಿಗೇ ಅದರ ಗಡುವು ಬಂದುಬಿಡುತ್ತದೆ. ಈ ಸಲ ವಾಲಿಬಾಲ್ ಬೇಡ, ತನ್ನದೇ ಕಥೆ ಬರೆಯುತ್ತೇನೆಂದಳು. ಸಾಗರದ ಅಜ್ಜನ ಮನೆಯಲ್ಲಿ ಅಡಿಕೆ ಕೊಯ್ಲಿನ ರಾತ್ರಿಗಳು, ಸುಲಿಯುವ ಹೆಂಗಸರು ಹೇಳುತ್ತಿದ್ದ ದೆವ್ವದ ಸುದ್ದಿಗಳು. ಅಂಚೆಚೀಟಿಯಷ್ಟು ಜಾಹೀರಾತಿನ ಚಿತ್ರಕ್ಕೆ ಏನು ಬರೆಯುವುದೆಂದು ತಲೆ ಕೆರೆದುಕೊಂಡು, “ಅತ್ತೆ, ಕೂತ್ಕೊಂಡು ಅಡಿಕೆ ಸುಲಿಯೋ ಕತ್ತಿ ಇರುತ್ತಲ್ಲ, ಅದರ ಫೋಟೊ ಬೇಕಿತ್ತು. ನಾಳೆ ಒಳಗೆ” ಎಂದಳು.

ಊರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನು ಹಚ್ಚಿದೆ.

“ಈ ಮಳೇಲಿ ಮೆಟ್ಟುಗತ್ತಿ ಎಂಥಕ್ಕೆ ನಿಂಗೆ? ಅದು ಅಟ್ಟದ ಮೇಲೆ ಗೋಣಿಯೊಳಗಿದೆ.”

“ಜಪಾನಿನ ಸಂತೆಲಿ ಇಡೋಕೆ.”

ಅತ್ತ ಕಡೆ ಸ್ವಲ್ಪ ಹೊತ್ತು ಮಳೆಯ ಸದ್ದಷ್ಟೆ. “ರೇಟು ಎಷ್ಟಂತೆ?” ಎಂದ.

ಸಂಜೆಗೆ ಫೋಟೊಗಳು ಬಂದವು. ಮುಂದಿನಿಂದ, ಹಿಂದಿನಿಂದ, ತುಕ್ಕು ಹತ್ತಿದ ಅಲಗಿನ ಹತ್ತಿರದಿಂದ, ಅಳತೆಗೆಂದು ಪಕ್ಕದಲ್ಲಿ ಬೆಂಕಿಪೊಟ್ಟಣ ಇಟ್ಟು. ಕೊನೆಯದರಲ್ಲಿ ಅವನೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿಕೊಂಡು, ಮೆಟ್ಟುಗತ್ತಿಯ ಮೇಲೆ ಒಂದು ಕಾಲಿಟ್ಟು ಕೂತಿದ್ದ. ಹುಡುಗಿ ಆರಿಸಿಕೊಂಡದ್ದು ಅದನ್ನೇ.